ಕಾನು: ನೋಡಿದರೆ ಸಾಕೇ, ಬಾಳಬೇಕೇ?

ಮನುಷ್ಯನ ಮನಸ್ಸಿಗೂ ಕಾಡಿಗೂ ನಂಟಿದೆ ಎಂದರೆ ಯಾರೂ ಅಲ್ಲ ಅನ್ನುವುದಿಲ್ಲ. ಆ ನಂಟು ಯಾವುದರಿಂದ ಹುಟ್ಟುತ್ತದೆ ಎಂದು ಕೇಳಿದ ಕೂಡಲೇ ದಾರಿ ಎರಡಾಗುತ್ತದೆ. ಇಲ್ಲಿ ಮಾತಾಡುತ್ತಿರುವವರು ಇಬ್ಬರು. ಒಬ್ಬರು ಸಾಗರ ಸೀಮೆಯ ಅಡಿಕೆ ಬೆಳೆಗಾರರು, ಎಪ್ಪತ್ತರ ಹತ್ತಿರದವರು. ಲಿಂಗನಮಕ್ಕಿಯ ನೀರು ಏರಿದಾಗ ಊರು ಬಿಟ್ಟ ಮನೆತನದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ಆಪ್ತಸಮಾಲೋಚಕಿ. ತನ್ನ ಬಳಿ ಬರುವ ದಣಿದ ಮನಸ್ಸಿನ ಕೆಲವರನ್ನು ದೊಡ್ಡಪ್ಪನ ತೋಟದ ಮೇಲಿನ ಕಾನಿಗೆ ಕರೆತರಬೇಕೆಂಬುದು ಅವಳ ಆಸೆ. ಒಪ್ಪಿಗೆ ಕೇಳಲು ಬಂದಿದ್ದಾಳೆ. ಮಧ್ಯಾಹ್ನದ ಊಟ ಮುಗಿದಿದೆ, ಇಬ್ಬರೂ ಜಗಲಿಯಲ್ಲಿದ್ದಾರೆ.

ದೊಡ್ಡಪ್ಪ: ಬರಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಕೇಳುತ್ತೇನೆ. ಅವರು ಕಾನಿಗೆ ಬಂದು ಮಾಡುವುದೇನು?

ಮಗಳು: ಏನೂ ಮಾಡುವುದಿಲ್ಲ, ದೊಡ್ಡಪ್ಪ. ಅದೇ ಮುಖ್ಯ. ಮೊಬೈಲ್ ಇಲ್ಲೇ ಇಟ್ಟು ಹೋಗುತ್ತಾರೆ. ನಿಧಾನವಾಗಿ ನಡೆಯುತ್ತಾರೆ, ಕೂರುತ್ತಾರೆ, ಹಕ್ಕಿಯ ದನಿ ಕೇಳುತ್ತಾರೆ. ಜಪಾನಿನ ಅರಣ್ಯ ಇಲಾಖೆ 1982ರಿಂದಲೇ ಜನರಿಗೆ ಇದನ್ನು ಹೇಳುತ್ತ ಬಂದಿದೆ. ಅಲ್ಲಿ ಅದಕ್ಕೆಂದೇ ಗುರುತು ಮಾಡಿದ ಕಾಡುದಾರಿಗಳಿವೆ.

ದೊಡ್ಡಪ್ಪ: ಏನೂ ಮಾಡದೆ ಕಾನಿಗೆ ಹೋದವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ. ನಾವು ಹೋಗುವುದು ಸೊಪ್ಪಿಗೆ, ದರಕಿಗೆ, ಮನೆಗೆ ಬಾರದ ದನ ಹುಡುಕಲಿಕ್ಕೆ, ಅಬ್ಬಿ ನೀರಿನ ಪೈಪು ಸರಿಮಾಡಲಿಕ್ಕೆ. ಕೆಲಸ ಮಾಡುತ್ತ ಮಾಡುತ್ತ ಮರ ಗುರುತಾಗುತ್ತದೆ. ಬೇಸಿಗೆಯಲ್ಲಿ ಮತ್ತಿ ಮರದ ಗಂಟಿಗೆ ಕತ್ತಿ ತಾಗಿದರೆ ಒಳಗಿಂದ ನೀರು ಚಿಮ್ಮುವುದುಂಟು. ಹೊನ್ನೆಗೆ ಏಟು ಬಿದ್ದರೆ ಕೆಂಪು ರಸ ಇಳಿಯುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಕತ್ತಿ ಕೆಳಗಿಟ್ಟು ತೊಗಟೆಗೆ ಕೈ ಒತ್ತಿ ಹಿಡಿದಿದ್ದೆ. ಆಮೇಲೆ ಹೊನ್ನೆಯ ಯಾವ ಕೊಂಬೆ ಸವರಬಹುದು, ಯಾವುದನ್ನು ಬಿಡಬೇಕು ಅಂತ ಕೈಯೇ ಕಲಿಯಿತು. ನೀನು ಹೇಳುವ ನಂಟು ನನಗೆ ಬಂದದ್ದು ಆ ದಾರಿಯಿಂದ. ಸುಮ್ಮನೆ ನೋಡುವವನಿಗೆ ಮತ್ತಿಯೂ ಒಂದೇ, ಅಕೇಶಿಯಾವೂ ಒಂದೇ.

ಮಗಳು: ಇರಬಹುದು. ಆದರೆ ನೋಟಕ್ಕೂ ಬಲವಿದೆ ಅನ್ನುವುದಕ್ಕೆ ನನ್ನ ಬಳಿ ಆಧಾರವಿದೆ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ 1972ರಿಂದ 1981ರವರೆಗಿನ ದಾಖಲೆ ತೆಗೆದು ನೋಡಿದರು. ಕೆಲವು ಕೋಣೆಗಳ ಕಿಟಕಿಗೆ ಮರಗಳು ಕಾಣುತ್ತಿದ್ದವು, ಕೆಲವಕ್ಕೆ ಕಂದು ಇಟ್ಟಿಗೆಯ ಗೋಡೆ. ವಯಸ್ಸು, ಲಿಂಗ, ತೂಕ ಮುಂತಾದವು ಹೊಂದುವ ಹಾಗೆ ಜೋಡಿ ಮಾಡಿ 46 ಜನರನ್ನು ಹೋಲಿಸಿದರು. ಮರ ಕಂಡವರು ಸರಾಸರಿ ಎಂಟು ದಿನದೊಳಗೆ ಮನೆಗೆ ಹೋಗಿದ್ದರು. ಗೋಡೆ ಕಂಡವರಿಗೆ ಮುಕ್ಕಾಲು ದಿನದಷ್ಟು ಹೆಚ್ಚು ಬೇಕಾಗಿತ್ತು. ಮರ ಕಂಡವರಿಗೆ ಬಲವಾದ ನೋವಿನ ಔಷಧವೂ ಕಡಿಮೆ ಸಾಕಾಗಿತ್ತು. ಅವರಲ್ಲಿ ಯಾರೂ ಆ ಮರದ ಸೊಪ್ಪು ಕೊಯ್ದವರಲ್ಲ.

ದೊಡ್ಡಪ್ಪ: ನಲವತ್ತಾರು ಜನ ಅಂದರೆ ನಮ್ಮ ಕೇರಿಯಷ್ಟೂ ಆಗಲಿಲ್ಲ.

ಮಗಳು: ಹೌದು, ಚಿಕ್ಕ ಅಧ್ಯಯನ, ಒಂದೇ ಆಸ್ಪತ್ರೆ. ಎದುರಿಗಿದ್ದದ್ದು ಬರೀ ಗೋಡೆ, ಹಾಗಾಗಿ ಊರಿನ ಎಲ್ಲ ನೋಟಕ್ಕೂ ಇದನ್ನು ಅನ್ವಯಿಸಬೇಡಿ ಅಂತ ಉಲ್ರಿಚ್ ಅವರೇ ಬರೆದಿದ್ದಾರೆ. ತುಂಬ ದಿನ ಮಲಗಿ ಬೇಸತ್ತವರಿಗೆ ಜನ ಓಡಾಡುವ ಬೀದಿಯೇ ಹೆಚ್ಚು ಹಿತವಾಗಬಹುದು ಅಂತಲೂ ಹೇಳಿದ್ದಾರೆ. ಆದರೆ ಅಲ್ಲಿಂದಾಚೆಗೆ ಬೇರೆಯವರೂ ನೋಡಿದ್ದಾರೆ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕೆಲವರನ್ನು ಓಕ್ ಮರಗಳಿದ್ದ ಹುಲ್ಲುಗಾವಲಿನಲ್ಲಿ, ಕೆಲವರನ್ನು ವಾಹನ ತುಂಬಿದ ರಸ್ತೆಯ ಬದಿಯಲ್ಲಿ ಒಂದೂವರೆ ಗಂಟೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಮರಗಳ ನಡುವೆ ನಡೆದವರಲ್ಲಿ ತಮ್ಮ ಬಗ್ಗೆಯೇ ಕೆಟ್ಟದ್ದನ್ನು ಮತ್ತೆ ಮತ್ತೆ ಯೋಚಿಸುವುದು ಕಡಿಮೆಯಾಗಿತ್ತು. ಆ ಬಗೆಯ ಯೋಚನೆಗೆ ಸಂಬಂಧಪಟ್ಟ ಮಿದುಳಿನ ಭಾಗದ ಚಟುವಟಿಕೆಯೂ ಇಳಿದಿತ್ತು. ನನ್ನ ಹತ್ತಿರ ಬರುವವರ ಕಷ್ಟ ಅದೇ, ದೊಡ್ಡಪ್ಪ. ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಎಂದೋ ಆಡಿದ ಒಂದು ಮಾತನ್ನು ನೂರು ಸಲ ತಿರುಗಿಸುತ್ತಾರೆ.

ದೊಡ್ಡಪ್ಪ: ಅದು ಹೇಗೆ ನಿಲ್ಲುತ್ತದೆ? ಮರ ಏನು ಮಾಡುತ್ತದೆ?

ಮಗಳು: ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದಕ್ಕೊಂದು ವಿವರಣೆ ಕೊಟ್ಟರು. ಲೆಕ್ಕ ಬರೆಯುವಾಗ, ಗಾಡಿ ಓಡಿಸುವಾಗ, ಪರದೆ ನೋಡುವಾಗ ನಾವು ಗಮನವನ್ನು ಬಲವಂತವಾಗಿ ಹಿಡಿದಿಟ್ಟಿರುತ್ತೇವೆ. ಬೇಡದ್ದನ್ನೆಲ್ಲ ತಳ್ಳುತ್ತಲೇ ಇರಬೇಕು. ಆ ಹಿಡಿತ ದಣಿಯುತ್ತದೆ. ದಣಿದಾಗ ಸಿಟ್ಟು, ಮರೆವು, ತಪ್ಪು. ಎಲೆ ಅಲ್ಲಾಡುವುದು, ನೀರು ಹರಿಯುವುದು ಗಮನವನ್ನು ಸೆಳೆಯುತ್ತವೆ, ಆದರೆ ಜಗ್ಗುವುದಿಲ್ಲ. ಆ ಹೊತ್ತಿನಲ್ಲಿ ಹಿಡಿದಿಡುವ ಶಕ್ತಿಗೆ ವಿಶ್ರಾಂತಿ ಸಿಗುತ್ತದೆ.

ದೊಡ್ಡಪ್ಪ: ಈ ಮಾತು ನನಗೆ ಹಿಡಿಸಿತು. ಆದರೆ ಕಾಡು ಅಂದರೆ ವಿಶ್ರಾಂತಿ ಅಂತ ನೀನು ಅವರಿಗೆ ಹೇಳಿಕೊಟ್ಟರೆ ಅರ್ಧ ಸುಳ್ಳು ಹೇಳಿದ ಹಾಗೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಮನುಷ್ಯರಿಗೂ ಜ್ವರ ಬಂತು. ಮಂಗನ ಕಾಯಿಲೆ ಅಂತ ಇಡೀ ಮಲೆನಾಡು ನಡುಗಿತು. ಈಗಲೂ ಹೋಗಿಲ್ಲ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಅದರಿಂದ ಜನ ಸತ್ತರು. ಅದನ್ನು ಹರಡುವ ಉಣುಗು ಹೆಚ್ಚುವುದು ಯಾವಾಗ? ಮಳೆ ಮುಗಿದು ಎಲೆ ಉದುರುವ ಕಾಲಕ್ಕೆ, ನಾವು ದರಕು ಗುಡಿಸಲು ಹೋಗುವ ಹೊತ್ತಿಗೇ. ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗುತ್ತೇವೆ, ಬಂದು ಬಿಸಿನೀರು ಮೈಗೆ ಹಾಕಿಕೊಂಡು ಮೈಯೆಲ್ಲ ತಡಕುತ್ತೇವೆ. ಆದರೂ ಹೋಗದೆ ಇರಲಿಕ್ಕಾಗುವುದಿಲ್ಲ. ಆ ದರಕು ಕೊಟ್ಟಿಗೆಗೆ ಹಾಸಾಗಬೇಕು, ದನ ತುಳಿದು ಗೊಬ್ಬರವಾಗಬೇಕು, ಆಮೇಲೆ ಅಡಿಕೆ ಬುಡಕ್ಕೆ ಹೋಗಬೇಕು. ಹೆದರಿಕೆ ಇದ್ದೂ ಬಿಡಲಾಗದ್ದು ಯಾವುದೋ ಅದಕ್ಕೆ ನಾನು ನಂಟು ಅನ್ನುತ್ತೇನೆ. ಹಿತವಾದಾಗ ಬಂದು ಹೋಗುವುದಕ್ಕೆ ಬೇರೆ ಏನಾದರೂ ಹೇಳು.

ಮಗಳು: ಹೆದರಿಕೆಯನ್ನು ನಾನೂ ಮರೆಮಾಚುವುದಿಲ್ಲ. ಆದರೆ ನೀವು ಹೇಳುವ ನಂಟು ಕಾಡನ್ನು ಉಳಿಸಿತೇ? ಸೊಪ್ಪಿನ ಬೆಟ್ಟವನ್ನೇ ನೋಡಿ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದವರೆಗೆ ಸೊಪ್ಪು ತೆಗೆಯುವ ಹಕ್ಕು ಕೊಟ್ಟಿದ್ದರು. ಎಷ್ಟೋ ಬೆಟ್ಟ ಈಗ ಬೋಳು. ವರ್ಷ ವರ್ಷ ಸವರಿ ಸವರಿ ಮರಗಳು ಕಂಬವಾಗಿ ನಿಂತಿವೆ, ಕೆಳಗೆ ಸಸಿಯೇ ಇಲ್ಲ. ಅಡಿಕೆಗೆ ಬೆಲೆ ಬಂದಾಗ ಗದ್ದೆಯೂ ತೋಟವಾಯಿತು, ಕಾನಿನ ಅಂಚೂ ತೋಟವಾಯಿತು. ಮಾಡಿದವರು ಬೆಂಗಳೂರಿನಿಂದ ಬಂದವರಲ್ಲ, ಮರದ ಹೆಸರು ಬಲ್ಲವರೇ.

ದೊಡ್ಡಪ್ಪ: ಸುಳ್ಳಲ್ಲ.

ಮಗಳು: ಕೊಡಗಿನ ದೇವರ ಕಾಡುಗಳನ್ನೂ ನೋಡಿ. ಅಲ್ಲಿ ಭಕ್ತಿ ಇತ್ತು, ಭಯ ಇತ್ತು, ವರ್ಷಕ್ಕೊಮ್ಮೆ ಹಬ್ಬ ಇತ್ತು. 1905ರಲ್ಲಿ 15 ಸಾವಿರ ಎಕರೆಗೂ ಮಿಕ್ಕಿ ಇದ್ದದ್ದು 1985ರ ಹೊತ್ತಿಗೆ 6 ಸಾವಿರ ಎಕರೆ ಚಿಲ್ಲರೆಗೆ ಇಳಿಯಿತು. ಕಾಫಿ ತೋಟ ಒಳಗೆ ನುಗ್ಗುವಾಗ ದೇವರ ಭಯ ತಡೆಯಲಿಲ್ಲ. ಬದುಕಿನ ನಂಟು ಗಟ್ಟಿ, ನೋಟದ ನಂಟು ಸಡಿಲ ಅಂತ ಅಷ್ಟು ಸುಲಭವಾಗಿ ಹೇಳಲಾಗುವುದಿಲ್ಲ.

ದೊಡ್ಡಪ್ಪ: ಹಾಗಾದರೆ ನನ್ನದೂ ಕೇಳು. ಸಲ್ಕಣಿಯ ಜನ 1983ರ ಸೆಪ್ಟೆಂಬರಿನಲ್ಲಿ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರಲ್ಲ, ಅವರು ಯಾರು? ಶಿರಸಿ ಕಡೆಯ ತೋಟಿಗರು, ಕೂಲಿಯವರು, ಹೆಂಗಸರು. ಕಾಡು ಕಡಿದು ತೇಗ ನೆಟ್ಟ ಕಡೆ ಏನಾಯಿತು ಅಂತ ಕಣ್ಣಾರೆ ಕಂಡಿದ್ದರು. ತೇಗದ ಕೆಳಗೆ ಬೇಕಾದ ಸೊಪ್ಪಿಲ್ಲ, ಹಳ್ಳದ ನೀರು ಬೇಗ ಬತ್ತುತ್ತಿತ್ತು. ಹೊಟ್ಟೆಗೆ ತಟ್ಟಿದ್ದರಿಂದಲೇ ಕೊಡಲಿಯ ಎದುರು ನಿಲ್ಲುವ ಧೈರ್ಯ ಬಂತು. ಕಾಡಿನಲ್ಲಿ ಮನಸ್ಸು ಹಗುರವಾಗುತ್ತದೆ ಅಂತ ಯಾರಾದರೂ ಕೊಡಲಿಯ ಎದುರು ನಿಲ್ಲುತ್ತಾರೆಯೇ?

ಮಗಳು: ನಿಂತಿದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದರು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಸಾವಿರಾರು ಜನ ರಸ್ತೆಯ ಬದಿಗೆ ಬಂದು ಕೈ ಕೈ ಹಿಡಿದು ನಿಂತರು. ಆ ಮರಗಳಿಂದ ಅವರಿಗೆ ಸೊಪ್ಪಿಲ್ಲ, ಸೌದೆಯಿಲ್ಲ. ದಿನಾ ಆ ನೆರಳಿನಲ್ಲಿ ಹೋಗಿ ಬಂದಿದ್ದರು, ಅಷ್ಟೇ. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನೋಡಿದ್ದಷ್ಟೇ ನಂಟಾಗಿ, ನಂಟು ಹೋರಾಟವಾಯಿತು.

ದೊಡ್ಡಪ್ಪ: ಒಪ್ಪಿದೆ. ಆದರೆ ದಿನಾ ಹೋಗಿ ಬಂದ ದಾರಿ ಅಂದೆಯಲ್ಲ, ಅದು ಅವರ ಊರು. ವರ್ಷಗಟ್ಟಲೆ ಅದೇ ಮರ, ಅದೇ ತಿರುವು. ನೀನು ಕರೆತರುವವರಿಗೆ ನಮ್ಮ ಕಾನು ದಿನದ ದಾರಿಯಲ್ಲ. ಎರಡು ದಿನ ಇದ್ದು ಹೋಗುತ್ತಾರೆ. ಅವರಿಗೆ ಗುಣವಾಗುತ್ತದೆ, ಕಾನಿಗೆ ಏನು ಸಿಗುತ್ತದೆ?

ಮಗಳು: ಸಾಲುಮರದ ತಿಮ್ಮಕ್ಕನ ಕತೆ ನಿಮಗೂ ಗೊತ್ತು. ಮಕ್ಕಳಾಗಲಿಲ್ಲ ಅನ್ನುವ ನೋವು, ಊರವರ ಮಾತು. ಗಂಡನ ಜೊತೆ ಸೇರಿ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿ ನೆಟ್ಟರು, ಕೊಡದಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದ ಹಾಗೆ ಮುಳ್ಳು ಕಟ್ಟಿದರು. ಆ ನೋವಿಗೆ ಔಷಧ ಬೇಕಾಗಿತ್ತು, ಮರದಲ್ಲಿ ಸಿಕ್ಕಿತು. ಅವರ ಮನಸ್ಸಿಗೆ ಹಿತವಾದದ್ದೇ ದಾರಿಗೆ ನೆರಳಾಯಿತು. ಗುಣವಾಗಲು ಬಂದವರು ಕೊಡುವವರಾಗುವುದೂ ಉಂಟು.

ದೊಡ್ಡಪ್ಪ: ತಿಮ್ಮಕ್ಕ ಕೊಡ ಹೊತ್ತರು, ಕೂಸೇ. ನೋಡುತ್ತ ಕೂರಲಿಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರನ್ನು ತಗೋ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಶಾಲೆ ಕಂಡವರಲ್ಲ. ಯಾವ ಜಾತಿಯ ತಾಯಿಮರ ಎಲ್ಲಿದೆ, ಯಾವಾಗ ಬೀಜ ಆಯ್ದರೆ ಮೊಳೆಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠವಾಗಿತ್ತು. ಪದ್ಮಶ್ರೀ ಬಂದಾಗಲೂ ಬರಿಗಾಲಿನಲ್ಲೇ ಹೋದರು. ಆ ಪ್ರೀತಿ ಬಂದದ್ದು ಕೂಲಿಯ ಕೆಲಸದಿಂದ, ಕೈ ಮಣ್ಣಾದದ್ದರಿಂದ.

ಮಗಳು: ಅದೇ ನರ್ಸರಿಗಳಲ್ಲಿ ಅದೇ ಕೂಲಿಗೆ ಎಷ್ಟು ಜನ ದುಡಿದಿಲ್ಲ? ಎಲ್ಲರೂ ತುಳಸಿ ಗೌಡ ಆಗಲಿಲ್ಲವಲ್ಲ. ಕೆಲಸದ ಜೊತೆಗೆ ಇನ್ನೇನೋ ಬೇಕು. ನೆಟ್ಟು ಮುಗಿದ ಮೇಲೂ ಮರದ ಹತ್ತಿರ ನಿಲ್ಲುವ ಮನಸ್ಸು ಬೇಕು. ನಾನು ಹೇಳುವ ನೋಟ ಅಂದರೆ ಅದೇ. ನೀವು ಹೊನ್ನೆಯ ತೊಗಟೆಗೆ ಕೈ ಒತ್ತಿ ಹಿಡಿದಿರಿ ಅಂದಿರಲ್ಲ, ಆ ಗಳಿಗೆಯಲ್ಲಿ ನೀವು ಕೆಲಸ ನಿಲ್ಲಿಸಿದ್ದಿರಿ.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕವಳದ ತಬಕು ಹತ್ತಿರ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಿದರು. ಮಾತು ಮುಂದುವರಿಸಿದವಳು ಅವಳೇ.

ಮಗಳು: ಮುಳುಗಡೆಯ ಬಗ್ಗೆ ಕೇಳಬಹುದೇ? ಅಜ್ಜನಿಗೆ ಏನಾಗಿತ್ತು?

ದೊಡ್ಡಪ್ಪ: ಏನೂ ಆಗಿರಲಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1964ಕ್ಕೆ ಅಣೆಕಟ್ಟು ಮುಗಿಯಿತು. ನಾನು ಆಗ ಸಣ್ಣವನು. ಅಧಿಕಾರಿಗಳು ಬಂದು ತೋಟದ ಮರ ಎಣಿಸಿಕೊಂಡು ಹೋದರು ಅಂತ ಅಪ್ಪ ಹೇಳುತ್ತಿದ್ದ. ಹೊಸ ಜಾಗದಲ್ಲಿ ಮನೆ ಕಟ್ಟಿದ, ತೋಟ ಎಬ್ಬಿಸಿದ, ಮಕ್ಕಳನ್ನು ಓದಿಸಿದ. ಆದರೆ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ಕಡೆಗೆ ಹೋಗುತ್ತಿದ್ದ. ಒಣಗಿದ ಮರದ ಬೊಡ್ಡೆಗಳು ಕೆಸರಿನಲ್ಲಿ ನಿಂತಿರುತ್ತಿದ್ದವು. ಮನೆಯ ಪಂಚಾಂಗದ ಕಲ್ಲು, ದನಕ್ಕೆ ನೀರು ಕುಡಿಸುವ ಕಲ್ಲುಮರಿಗೆ ಕಾಣುತ್ತಿತ್ತು. ಮರಿಗೆಯೊಳಗಿನ ಕೆಸರನ್ನು ಕೈಯಲ್ಲಿ ಬಳಿದು ತೆಗೆಯುತ್ತಿದ್ದ. ಮಳೆಗಾಲಕ್ಕೆ ಮತ್ತೆ ಮುಳುಗುತ್ತದೆ ಅಂತ ಗೊತ್ತಿದ್ದೂ ತೆಗೆಯುತ್ತಿದ್ದ. ಮನೆಗೆ ಬಂದರೆ ಎರಡು ದಿನ ಯಾರ ಜೊತೆಗೂ ಮಾತಿಲ್ಲ. ಅದು ಕಾಯಿಲೆ ಅಂತ ನಮಗೆ ಯಾರಿಗೂ ಅನಿಸಲಿಲ್ಲ.

ಮಗಳು: ಕಾಯಿಲೆ ಅಂತ ನಾನೂ ಅನ್ನುವುದಿಲ್ಲ. ದುಃಖ ಅದು. ತೀರಿಹೋದವರಿಗೆ ತಿಥಿ ಮಾಡುತ್ತೇವೆ, ಊರಿಗೆ ಯಾರೂ ಮಾಡುವುದಿಲ್ಲ. ಆಸ್ಟ್ರೇಲಿಯಾದ ಗ್ಲೆನ್ ಆಲ್ಬ್ರೆಕ್ಟ್ ಅನ್ನುವ ಚಿಂತಕರು ಹಂಟರ್ ಕಣಿವೆಯ ಕಲ್ಲಿದ್ದಲ ಗಣಿಗಳ ಸುತ್ತಲಿನ ಜನರ ಜೊತೆ ಮಾತಾಡಿ ಒಂದು ಸಂಗತಿ ಗುರುತಿಸಿದರು. ಆ ಜನ ಊರು ಬಿಟ್ಟಿರಲಿಲ್ಲ. ಅದೇ ಮನೆ, ಅದೇ ಜಗಲಿ. ಸುತ್ತಲಿನ ಬೆಟ್ಟ ಬಗೆದುಹೋಗಿ, ಧೂಳು ತುಂಬಿ, ಇದ್ದಲ್ಲೇ ಊರು ಕಳೆದುಕೊಂಡಿದ್ದರು. ಊರು ಬಿಟ್ಟವರ ಕೊರಗಿನಂಥದೇ ಕೊರಗು ಅವರಲ್ಲಿತ್ತು. ನೆಲ ಕೆಟ್ಟರೆ ಮನಸ್ಸು ಕೆಡುತ್ತದೆ ಅನ್ನುವುದನ್ನು ವೈದ್ಯರು, ಸರ್ಕಾರಗಳು ಗಂಭೀರವಾಗಿ ತೆಗೆದುಕೊಳ್ಳುವಂತಾಗಲು ಇಂಥ ಅಧ್ಯಯನ ಬೇಕಾಯಿತು. ಅಜ್ಜನ ಕಾಲದಲ್ಲಿ ಇದನ್ನು ಎಣಿಸುವವರು ಇದ್ದಿದ್ದರೆ, ಪರಿಹಾರದ ಪಟ್ಟಿಯಲ್ಲಿ ಬರೀ ಮರದ ಲೆಕ್ಕ ಇರುತ್ತಿರಲಿಲ್ಲ.

ದೊಡ್ಡಪ್ಪ: ಎಣಿಸಿದ್ದರೆ ಒಂದು ಬೆಲೆ ಕಟ್ಟುತ್ತಿದ್ದರು. ಬೆಲೆ ಕೊಟ್ಟ ಮೇಲೆ ಮುಳುಗಿಸುವುದು ಇನ್ನೂ ಸಲೀಸು. ನನ್ನ ಹೆದರಿಕೆ ಅದೇ. ಕಾಡಿನಿಂದ ಮನಸ್ಸಿಗೆ ಇಷ್ಟು ಲಾಭ ಅಂತ ನೀವು ತೋರಿಸುತ್ತ ಹೋಗಿ. ನಾಳೆ ಅಷ್ಟೇ ಲಾಭ ಗೋಡೆಗೆ ಅಂಟಿಸಿದ ಚಿತ್ರದಿಂದ ಸಿಗುತ್ತದೆ ಅಂತಾದರೆ ಕಾಡು ಬೇಡ ಅನ್ನುತ್ತಾರೆ.

ಮಗಳು: ಆ ಅಪಾಯ ಇದೆ. ಚಿತ್ರದಿಂದಲೂ ಸ್ವಲ್ಪ ಹಿತ ಸಿಗುತ್ತದೆ ಅನ್ನುವ ಅಧ್ಯಯನಗಳಿವೆ. ಆದರೆ ಎಣಿಸದೆ ಬಿಟ್ಟರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇವಲ್ಲ. ಲೆಕ್ಕಕ್ಕೆ ಬಾರದ್ದು ಇಲ್ಲವೇ ಇಲ್ಲ ಅಂತಾಯಿತು.

ದೊಡ್ಡಪ್ಪ: ಇನ್ನೊಂದು ಮಾತು, ನೊಂದುಕೊಳ್ಳಬೇಡ. ನಮ್ಮನ್ನು ಮುಳುಗಿಸಿದ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್‌ನದು. ಅದರ ಕರೆಂಟು ಬೆಂಗಳೂರನ್ನು ಬೆಳೆಸಿತು. ಆ ಬೆಂಗಳೂರಿನಲ್ಲಿ ದುಡಿದು ದಣಿದವರು ಈಗ ಅದೇ ಶರಾವತಿಯ ದಂಡೆಗೆ ಸಮಾಧಾನ ಹುಡುಕಿ ಬರುತ್ತಾರೆ. ಜೋಗದ ದಾರಿಯಲ್ಲಿ ಶನಿವಾರ ಭಾನುವಾರ ಕಾರು ನಿಲ್ಲಲು ಜಾಗವಿಲ್ಲ. ಇಲ್ಲಿಯ ನೆಮ್ಮದಿ ಮುಳುಗಿದ್ದರ ಮೇಲೆ ಅಲ್ಲಿಯ ಬದುಕು ಎದ್ದಿದೆ ಅನ್ನುವುದನ್ನು ಬರುವವರು ತಿಳಿಯಬೇಡವೇ?

ಮಗಳು: ತಿಳಿಯಬೇಕು. ಆದರೆ ನನ್ನ ಹತ್ತಿರ ಬರುವವರೆಲ್ಲ ಕಾರಿನವರಲ್ಲ, ದೊಡ್ಡಪ್ಪ. ಮನೆಮನೆಗೆ ಊಟ ತಲುಪಿಸುವ ಬೈಕಿನ ಹುಡುಗನಿದ್ದಾನೆ, ಕೋಲಾರದ ಬರಗಾಲದಿಂದ ಬಂದವನು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿಯಿದ್ದಾಳೆ. ಅವರ ಅಪ್ಪಂದಿರೂ ನೆಲ ಕಳೆದುಕೊಂಡವರೇ. ಮುಳುಗಡೆಯ ಈ ಸಾಲದ ಕತೆಯನ್ನು ಮೊದಲ ದಿನವೇ ಅವರ ತಲೆಯ ಮೇಲೆ ಹಾಕಿದರೆ, ಈಗಾಗಲೇ ತಮ್ಮನ್ನೇ ಹಳಿದುಕೊಳ್ಳುತ್ತಿರುವವರು ಇನ್ನಷ್ಟು ಕುಸಿಯುತ್ತಾರೆ. ನಿದ್ದೆ ಬರಲಿ ಮೊದಲು. ನಿಮ್ಮ ಹಾಗೆ ಬೆಟ್ಟವಿಲ್ಲದವರಿಗೂ ಮನಸ್ಸು ಅನ್ನುವುದು ಇದೆ. ಕೆಲಸ ಮಾಡಿದವರಿಗಷ್ಟೇ ಕಾಡಿನ ಹಕ್ಕು ಅಂದರೆ ನೆಲವಿಲ್ಲದವರು ಎಲ್ಲಿಗೆ ಹೋಗಬೇಕು?

ದೊಡ್ಡಪ್ಪ: ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನೆಲ ಇದ್ದವನ ಮಾತು ನಾನು ಆಡಿದ್ದು ಹೌದು. ಸರಿ, ಬರಲಿ. ಆದರೆ ಉಣುಗಿನ ಕಾಲದಲ್ಲಿ ಬೇಡ, ಮಳೆ ಕಡಿಮೆಯಾದ ಮೇಲೆ, ಎಲೆ ಉದುರುವ ಮೊದಲು ಬರಲಿ. ಮೊದಲ ದಿನ ನೀನು ಹೇಳಿದ ಹಾಗೆ ಸುಮ್ಮನೆ ನಡೆಯಲಿ, ನಾನು ಅಡ್ಡ ಬರುವುದಿಲ್ಲ. ಎರಡನೆಯ ದಿನ ನನಗೆ ಬಿಡು. ಬೋಳು ಬೆಟ್ಟದಲ್ಲಿ ಬೇಲಿ ಕಟ್ಟಿದ್ದೇನೆ, ಮತ್ತಿ, ಹೊನ್ನೆ, ನೇರಳೆ ಸಸಿ ಇಟ್ಟಿದ್ದೇನೆ. ಒಬ್ಬೊಬ್ಬರು ಒಂದೊಂದು ಸಸಿಯ ಬುಡ ಬಿಡಿಸಲಿ. ಯಾವ ಮರ, ಯಾರು ಸವರಿದ್ದು, ಯಾಕೆ ಬೋಳಾಯಿತು ಅಂತ ನಾನೇ ಹೇಳುತ್ತೇನೆ. ನಮ್ಮ ತಪ್ಪನ್ನೂ ಹೇಳುತ್ತೇನೆ, ಹಿನ್ನೀರನ್ನೂ ತೋರಿಸುತ್ತೇನೆ.

ಮಗಳು: ಮುಂದಿನ ವರ್ಷ ಬಂದಾಗ ಆ ಸಸಿ ಸತ್ತಿದ್ದರೆ? ನಷ್ಟವನ್ನು ತಡೆಯಲಾರದೆ ನನ್ನ ಹತ್ತಿರ ಬಂದವರು ಅವರು.

ದೊಡ್ಡಪ್ಪ: ಸಾಯುತ್ತವೆ. ಇಟ್ಟದ್ದರಲ್ಲಿ ಎಷ್ಟೋ ಸಾಯುತ್ತವೆ. ಆ ನೋವನ್ನು ಬಿಟ್ಟು ಬರೀ ಹಿತವನ್ನು ಕೊಡಲು ಕಾನಿಗೆ ಬರುವುದಿಲ್ಲ.

ಮಗಳು: ಹಸಿದು ಬಂದವರಿಗೆ ಮೊದಲು ಅನ್ನ ಬಡಿಸಬೇಕು, ದೊಡ್ಡಪ್ಪ. ಗದ್ದೆಯ ಕಷ್ಟ ಆಮೇಲೆ ಹೇಳಿದರಾಯಿತು.

ದೊಡ್ಡಪ್ಪ: ಉಂಡೆದ್ದ ಮೇಲೆ ಕೇಳಲು ಯಾರು ಕೂತಿರುತ್ತಾರೆ, ಕೂಸೇ? ಬಡಿಸುವಾಗಲೇ ಹೇಳಬೇಕು.

ಮಗಳು: ಸಸಿಯ ಕೆಲಸಕ್ಕೆ ಯಾರು ತಯಾರಿದ್ದಾರೆ, ಯಾರು ಇಲ್ಲ ಅಂತ ನಾನು ಹೇಳುತ್ತೇನೆ. ತಯಾರಿಲ್ಲದವರನ್ನು ನೀವು ಒತ್ತಾಯ ಮಾಡಬಾರದು.

ದೊಡ್ಡಪ್ಪ: ಒತ್ತಾಯ ಮಾಡುವುದಿಲ್ಲ. ಆದರೆ ಅವರು ಸುಮ್ಮನೆ ಕೂತಿರುವಾಗ, ಕೂತದ್ದು ಯಾವ ಮರದ ಬುಡದಲ್ಲಿ ಅಂತಲಾದರೂ ಹೇಳುವವನೇ. ಅದನ್ನು ನೀನು ತಡೆಯಬಾರದು.